ರೂತ್, ಬಿಲ್ಲಿ, ಕಿವಿಕ್: ಕುರ್ಚಿ ಮೇಜುಗಳ ನಾಮಕರಣ

(ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರೆಯುವಾಗಲೂ ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಆಮೇಲೆ ನಡೆದ ಚರ್ಚೆಯ ಒಂದು ತುಣುಕನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾಗಸಂದ್ರದಲ್ಲಿರುವ ಐಕಿಯಾ ಎಂಬ ಸ್ವೀಡನ್ ಮೂಲದ ಫರ್ನಿಚರ್ ಅಂಗಡಿಗೆ ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ. 2022ರ ಜೂನ್‌ನಲ್ಲಿ ಅದು ಶುರುವಾಯಿತು. ನಾನು ಮೊದಲ ಸಲ ಹೋದದ್ದು ನಮ್ಮ ಅತ್ತಿಗೆಯ ಜೊತೆ. ಅವರಿಗೊಂದು ಸೋಫಾ ಬೇಕಿತ್ತು. ಒಂದು ಸೋಫಾದಲ್ಲಿ ಕೂತು ನೋಡಿದರು, ಹಿಡಿಸಿತು. ಚೀಟಿ ತಿರುಗಿಸಿದರೆ ದಪ್ಪಕ್ಷರದಲ್ಲಿ ‘ಕಿವಿಕ್’ ಎಂದಿತ್ತು. “ಏನಿದು, ಸೋಫಾಕ್ಕೂ ಕಿವಿಗೂ ಏನು ಸಂಬಂಧ?” ಎಂದು ಅತ್ತಿಗೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಹುಡುಕಿದೆ. ಕಿವಿಕ್ ಅನ್ನುವುದು ಸ್ವೀಡನ್ ದೇಶದ ದಕ್ಷಿಣದ ಸ್ಕೋನೆ ಎಂಬ ಸೀಮೆಯಲ್ಲಿರುವ ಒಂದು ಹಳ್ಳಿ. ಸಮುದ್ರದ ದಂಡೆಯಲ್ಲಿದೆ. ಸೇಬಿನ ತೋಟಗಳಿಗೆ ಹೆಸರುವಾಸಿ. ಕಂಚಿನ ಯುಗದ ಒಂದು ದೊಡ್ಡ ಕಲ್ಲಿನ ಸಮಾಧಿಯೂ ಅಲ್ಲಿದೆ. ಆ ಹಳ್ಳಿಯ ಹೆಸರು ಬೆಂಗಳೂರಿನ ಒಂದು ಹಾಲ್‌ಗೆ ಬಂದು ಕೂತಿದ್ದು ಹೇಗೆ ಎಂಬ ಕುತೂಹಲವೇ ಇವತ್ತಿನ ಈ ಮಾತಿಗೆ ಕಾರಣ.

ಕಂಪನಿಯ ಹೆಸರಿನಿಂದಲೇ ಶುರು ಮಾಡೋಣ. ಐಕಿಯಾ ಶುರುವಾದದ್ದು 1943ರಲ್ಲಿ. ಶುರು ಮಾಡಿದ ಇಂಗ್ವಾರ್ ಕಾಂಪ್ರಾಡ್ ಆಗ 17 ವರ್ಷದ ಹುಡುಗ. ತನ್ನ ಹೆಸರಿನ ಮೊದಲಕ್ಷರ, ಮನೆತನದ ಹೆಸರಿನ ಮೊದಲಕ್ಷರ, ತಾನು ಬೆಳೆದ ಹೊಲಮನೆ ಎಲ್ಮ್‌ತರೀಡ್, ಅದರ ಊರು ಅಗುನ್ನರೀಡ್. ಈ ನಾಲ್ಕರ ಮೊದಲಕ್ಷರ ಸೇರಿಸಿ ಐಕಿಯಾ ಮಾಡಿದ. ನಮಗೆ ಇದು ಹೊಸದಲ್ಲ, ಅಲ್ವಾ? ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ‘ಕುವೆಂಪು’ ಆದದ್ದು ಹೀಗೇ ತಾನೇ. ಊರನ್ನು ಹೆಸರಿನಲ್ಲೇ ಹೊತ್ತುಕೊಂಡು ಹೋಗುವ ರೂಢಿ ನಮ್ಮಲ್ಲೂ ಇದೆ, ಅಲ್ಲೂ ಇದೆ.

ಆ ಹುಡುಗ ಮೊದಲು ಮಾರಿದ್ದು ಬೆಂಕಿಪೆಟ್ಟಿಗೆ, ಬಿತ್ತನೆ ಬೀಜ, ಪೆನ್ನು ಇಂಥವನ್ನು. 1948ರಲ್ಲಿ ಫರ್ನಿಚರ್ ಸೇರಿತು. ಆಗ ಅವನಿಗೊಂದು ಕಷ್ಟ ಎದುರಾಯಿತು. ಕಾಂಪ್ರಾಡ್‌ಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ತೊಡಕಾಗುವ ತೊಂದರೆ ಇತ್ತು. ಸರಕಿನ ನಂಬರುಗಳು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅಂಚೆಯಲ್ಲಿ ಆರ್ಡರ್ ಪಡೆದು ಮಾಲು ಕಳಿಸುವ ವ್ಯಾಪಾರ ಅದು. ಒಂದಂಕಿ ಅದಲುಬದಲಾದರೆ ಕುರ್ಚಿ ಕೇಳಿದವರಿಗೆ ಮೇಜು ಹೋಗುತ್ತದೆ. ಅವನು ಕಂಡುಕೊಂಡ ದಾರಿ ಸರಳ. ಕೈಯಿಲ್ಲದ ಒಂದು ಪುಟ್ಟ ಕುರ್ಚಿಗೆ ‘ರೂತ್’ ಎಂದು ಹೆಸರಿಟ್ಟ. ಹೆಂಗಸಿನ ಹೆಸರು. ನಂಬರು ಮರೆಯಬಹುದು, ರೂತ್‌ಳನ್ನು ಹೇಗೆ ಮರೆಯುವುದು?

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು. ಇವತ್ತು ಇಂಥ ಹೆಸರುಗಳನ್ನು ನೋಡಿದರೆ ಜಾಹೀರಾತಿನವರ ತಂತ್ರ ಎಂದು ಅನ್ನಿಸುತ್ತದೆ. ಆದರೆ ಹುಟ್ಟಿದ್ದು ಒಬ್ಬ ಹುಡುಗನ ಓದಿನ ತೊಂದರೆಯಿಂದ. ನಮ್ಮ ಶಾಲೆಗಳಲ್ಲಿ ಇಂಥ ಮಕ್ಕಳನ್ನು ‘ದಡ್ಡ’ ಎಂದು ಹಿಂದಿನ ಬೆಂಚಿಗೆ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮಕ್ಕಳು ತಮ್ಮದೇ ದಾರಿ ಹುಡುಕಿಕೊಳ್ಳುತ್ತಾರೆ. ನಾವು ತಡೆಯದಿದ್ದರೆ ಸಾಕು.

ಬೇರೆಯವರು ಏನು ಮಾಡುತ್ತಿದ್ದರು? ಹೆಚ್ಚಿನವರು ನಂಬರೇ ಹಾಕುತ್ತಿದ್ದರು. ಹಬೆಯಲ್ಲಿ ಬಗ್ಗಿಸಿದ ಮರದಿಂದ ಕುರ್ಚಿ ಮಾಡುತ್ತಿದ್ದ ತೋನೆಟ್ ಕಂಪನಿಯ ಅತ್ಯಂತ ಪ್ರಸಿದ್ಧ ಕುರ್ಚಿಯ ಹೆಸರು ‘ನಂಬರ್ 14’, ಅಷ್ಟೇ. 1859ರದ್ದು. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಯುರೋಪಿನ ಕಾಫಿ ಅಂಗಡಿಗಳನ್ನೆಲ್ಲ ಅದು ತುಂಬಿಕೊಂಡಿತು. ಹೆಸರಿಲ್ಲದಿದ್ದರೂ ಓಡಿತು.

ಆದರೆ ಜನ ನಂಬರಿಗೆ ಒಲಿಯುವುದು ಕಡಿಮೆ. ಮಾರ್ಸೆಲ್ ಬ್ರಾಯರ್ ಎಂಬಾತ 1925ರ ಹೊತ್ತಿಗೆ ಜರ್ಮನಿಯ ಬೌಹೌಸ್ ಎಂಬ ಕಲೆ, ವಿನ್ಯಾಸದ ಶಾಲೆಯಲ್ಲಿದ್ದಾಗ ಸ್ಟೀಲ್ ಪೈಪು ಬಗ್ಗಿಸಿ ಒಂದು ಕುರ್ಚಿ ಮಾಡಿದ. ಅದರ ಗುರುತು ‘ಬಿ3’. ಅದೇ ಶಾಲೆಯಲ್ಲಿ ಚಿತ್ರಕಾರ ವಾಸಿಲಿ ಕಾಂಡಿನ್ಸ್ಕಿ ಮೇಷ್ಟ್ರಾಗಿದ್ದ. ಆ ಕುರ್ಚಿಯನ್ನು ಅವನು ಮೆಚ್ಚಿಕೊಂಡಿದ್ದ. ಎಷ್ಟೋ ವರ್ಷ ಕಳೆದ ಮೇಲೆ ಇಟಲಿಯ ಗವೀನಾ ಎಂಬ ಕಂಪನಿ ಆ ಕುರ್ಚಿಯನ್ನು ಮತ್ತೆ ಮಾಡಲು ಶುರು ಮಾಡಿತು. ಕಾಂಡಿನ್ಸ್ಕಿಯ ಸಂಗತಿ ಕಿವಿಗೆ ಬಿದ್ದಾಗ ಅದಕ್ಕೆ ‘ವಾಸಿಲಿ’ ಎಂದು ಹೆಸರಿಟ್ಟಿತು. ಈಗ ಲೋಕವೆಲ್ಲ ವಾಸಿಲಿ ಎನ್ನುತ್ತದೆ. ಕಾಂಡಿನ್ಸ್ಕಿಗೆಂದೇ ಮಾಡಿದ ಕುರ್ಚಿ ಎಂದು ಬಹಳ ಜನ ನಂಬಿದ್ದಾರೆ. ಅದು ಹಾಗಲ್ಲ. ಹೆಸರು ಆಮೇಲೆ ಬಂತು, ಕಥೆ ಅದರ ಹಿಂದೆ ತಾನಾಗಿ ಬೆಳೆಯಿತು.

ಡೆನ್ಮಾರ್ಕಿನ ಆರ್ನೆ ಯಾಕೊಬ್ಸನ್ 1958ರಲ್ಲಿ ಕೋಪನ್‌ಹೇಗನ್‌ನ ಒಂದು ಹೋಟೆಲಿಗೆ ಮಾಡಿದ ಕುರ್ಚಿಗಳೂ ಹೀಗೇ. ಕಂಪನಿಯ ಲೆಕ್ಕದಲ್ಲಿ ಅವು 3316 ಮತ್ತು 3320. ಜನರ ಬಾಯಲ್ಲಿ ‘ಮೊಟ್ಟೆ’ ಮತ್ತು ‘ಹಂಸ’. ನೋಡಿದ ಕೂಡಲೇ ಬಾಯಿಗೆ ಬರುವ ಹೆಸರುಗಳು.

ನಮ್ಮ ಮನೆಗಳನ್ನೇ ನೋಡಿ. ಗೋದ್ರೇಜ್‌ನವರು 1923ರಿಂದ ಸ್ಟೀಲ್ ಬೀರು ಮಾಡುತ್ತಿದ್ದಾರೆ. ಅದಕ್ಕೆ ಕಂಪನಿ ಇಟ್ಟ ಹೆಸರು ‘ಸ್ಟೋರ್‌ವೆಲ್’. ಯಾರಾದರೂ ‘ಸ್ಟೋರ್‌ವೆಲ್ ತೆಗೆದು ಸೀರೆ ಕೊಡು’ ಎಂದದ್ದನ್ನು ಕೇಳಿದ್ದೀರಾ? ನಮಗೆ ಅದು ಗೋದ್ರೇಜ್ ಬೀರು. ಪಕ್ಕದ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದೂ ಗೋದ್ರೇಜ್ ಬೀರುವೇ. ಕಂಪನಿ ಒಂದು ಹೆಸರಿಡುತ್ತದೆ, ಮನೆ ಇನ್ನೊಂದು ಇಡುತ್ತದೆ. ಉಳಿಯುವುದು ಮನೆಯವರು ಇಟ್ಟದ್ದು.

ಮತ್ತೆ ಸ್ವೀಡನ್ನಿಗೆ ಬರೋಣ.

ರೂತ್‌ನಿಂದ ಶುರುವಾದದ್ದು ಬರಬರುತ್ತಾ ಒಂದು ಕಟ್ಟುಪಾಡಾಯಿತು. ಸೋಫಾಗಳಿಗೆ ಸ್ವೀಡನ್ನಿನ ಊರುಗಳ ಹೆಸರು: ಕಿವಿಕ್, ಕ್ಲಿಪ್ಪಾನ್, ಎಕ್‌ತೋರ್ಪ್, ಸೋಡರ್‌ಹಾಮ್ನ್. ಮಂಚ, ಬಟ್ಟೆ ಬೀರುಗಳಿಗೆ ನಾರ್ವೆಯ ಊರುಗಳು. ಊಟದ ಮೇಜಿಗೆ ಫಿನ್ಲೆಂಡಿನ ಊರುಗಳು. ಸ್ನಾನದ ಮನೆಯ ಸಾಮಾನಿಗೆ ಕೆರೆ, ಹೊಳೆ, ಕೊಲ್ಲಿಗಳು. ಪರದೆ ಬಟ್ಟೆಗೆ ಹೆಣ್ಣುಮಕ್ಕಳ ಹೆಸರು. ಹಾಸಿಗೆ ಹೊದಿಕೆಗೆ ಹೂವು, ಗಿಡ. ತೋಟದ ಕುರ್ಚಿಗೆ ದ್ವೀಪಗಳು. ಮಕ್ಕಳ ಸಾಮಾನಿಗೆ ಪ್ರಾಣಿ, ಪಕ್ಷಿ ಮತ್ತು ಗುಣ ಹೇಳುವ ಮಾತುಗಳು. ಆಟಿಕೆ ಅಡುಗೆಮನೆಯ ಹೆಸರು ‘ದುಕ್ತಿಗ್’, ಅಂದರೆ ಜಾಣ. ಆಟಿಕೆ ತುಂಬಿಡುವ ಡಬ್ಬಗಳ ಹೆಸರು ‘ತ್ರೂಫಾಸ್ತ್’, ಅಂದರೆ ನಂಬಿಗಸ್ತ. ಎಲ್ಲರೂ ಹಿಡಿದುಕೊಂಡು ಬರುವ ಆ ನೀಲಿ ಚೀಲ ಇದೆಯಲ್ಲ, ಅದು ‘ಫ್ರಾಕ್ತಾ’. ಸಾಗಿಸು ಎಂದರ್ಥ. ಎಷ್ಟು ಸರಿಯಾದ ಹೆಸರು ನೋಡಿ.

ಈ ಕೆಲಸಕ್ಕೆಂದೇ ಅಲ್ಲಿ ಜನ ಇದ್ದಾರೆ. ಹೆಸರುಗಳ ಒಂದು ದೊಡ್ಡ ಕಣಜವನ್ನೇ ಇಟ್ಟುಕೊಂಡಿದ್ದಾರೆ. ಹೊಸ ಸಾಮಾನು ಬಂದರೆ ಅದರ ಗುಂಪು ಯಾವುದು ಎಂದು ನೋಡಿ ಕಣಜದಿಂದ ಒಂದು ತೆಗೆಯುತ್ತಾರೆ. ಮಾರಾಟ ನಿಂತ ಸಾಮಾನಿನ ಹೆಸರು ಮುಂದೊಂದು ದಿನ ಬೇರೆಯದಕ್ಕೆ ಬರುವುದೂ ಉಂಟು. ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗೆ.

ಆದರೆ ಕಟ್ಟುಪಾಡನ್ನು ಮೀರಿ ಬಂದ ಹೆಸರುಗಳೇ ನನಗೆ ಹೆಚ್ಚು ಪ್ರಿಯ. ‘ಬಿಲ್ಲಿ’ ಪುಸ್ತಕದ ಕಪಾಟು ನಿಮಗೆ ಗೊತ್ತಿರಬಹುದು. 1979ರಿಂದ ಇದೆ. ಗಿಲ್ಲಿಸ್ ಲುಂಡ್‌ಗ್ರೆನ್ ಎಂಬಾತ ಮಾಡಿದ್ದು. ಕಂಪನಿಯ ಜಾಹೀರಾತು ವಿಭಾಗದಲ್ಲಿ ಬಿಲ್ಲಿ ಲಿಲ್ಯೆದಾಲ್ ಎಂಬ ಸಹೋದ್ಯೋಗಿ ಇದ್ದ. ಪುಸ್ತಕ ಇಡುವುದಕ್ಕೆಂದೇ ಒಂದು ಸರಿಯಾದ ಕಪಾಟು ಬೇಕು ಎಂದು ಅವನ ಆಸೆ. ಕಪಾಟು ಆಯಿತು, ಕೇಳಿದವನ ಹೆಸರೇ ಅದಕ್ಕೆ ಬಂತು. ಅಂದರೆ ಕೋಟಿಗಟ್ಟಲೆ ಮನೆಗಳಲ್ಲಿ ಒಬ್ಬ ಓದುಗನ ಹೆಸರು ಗೋಡೆಗೆ ಒರಗಿ ನಿಂತಿದೆ. ಓದುಗರ ಬಳಗದಲ್ಲಿ ಇದನ್ನು ಹೇಳಲು ಖುಷಿಯಾಗುತ್ತದೆ.

ಇನ್ನೊಂದು, ಬಗ್ಗಿದ ಮರದ ಆರಾಮ ಕುರ್ಚಿ. ಕೂತರೆ ಸಣ್ಣಗೆ ತೂಗುತ್ತದೆ. 1976ರಲ್ಲಿ ಜಪಾನಿನ ನೊಬೊರು ನಕಮುರ ಅದನ್ನು ರೂಪಿಸಿದರು. ಮೊದಲ ಹೆಸರು ‘ಪೊಯೆಮ್’. ಕವಿತೆ! 1992ರಲ್ಲಿ ಅದು ‘ಪೊಯೆಂಗ್’ ಆಯಿತು. ಸ್ವೀಡಿಷ್‌ನಲ್ಲಿ ಅಂಕ, ಪಾಯಿಂಟ್ ಎಂದರ್ಥ. ನನ್ನನ್ನು ಕೇಳಿದರೆ ಕವಿತೆಯೇ ಇರಬೇಕಿತ್ತು. ಆ ಕುರ್ಚಿಯಲ್ಲಿ ಕೂತವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಇನ್ನು ಹೆಸರು ಗಡಿ ದಾಟಿದಾಗ ಆಗುವ ಕಥೆ. ಮಕ್ಕಳಿಗೆಂದು ಚಕ್ರ ಇರುವ ಒಂದು ಮೇಜು ಬಂದಿತ್ತು. ಹೆಸರು ‘ಫಾರ್ಟ್‌ಫುಲ್’. ಸ್ವೀಡಿಷ್‌ನಲ್ಲಿ ವೇಗವಾಗಿ ಓಡುವಂಥದ್ದು ಎಂದರ್ಥ. ಚಕ್ರದ ಮೇಜಿಗೆ ತಕ್ಕ ಹೆಸರೇ. ಇಂಗ್ಲಿಷ್ ಬಲ್ಲವರಿಗೆ ಮಾತ್ರ ಅದು ಹೂಸಿನ ನೆನಪು ತಂದಿತು. ಥಾಯ್ಲೆಂಡಿನಲ್ಲಿ 2011ರಲ್ಲಿ ಅಂಗಡಿ ತೆರೆಯುವ ಮುಂಚೆ ಥಾಯ್ ಮಾತಾಡುವವರ ಒಂದು ಗುಂಪು ಕೂತು, ಹೆಸರುಗಳನ್ನು ಒಂದೊಂದಾಗಿ ಓದಿ ನೋಡಿತು. ನಾರ್ವೆಯ ಊರಿನ ಹೆಸರಿದ್ದ ‘ರೆದಾಲೆನ್’ ಎಂಬ ಮಂಚ ಥಾಯ್ ಕಿವಿಗೆ ಅಶ್ಲೀಲವಾಗಿ ಕೇಳುತ್ತಿತ್ತು. ಅಂಥ ಕಡೆ ಥಾಯ್ ಲಿಪಿಯಲ್ಲಿ ಬರೆಯುವಾಗ ಒಂದು ಸ್ವರವನ್ನೋ ವ್ಯಂಜನವನ್ನೋ ಸ್ವಲ್ಪ ಬದಲಿಸಿದರು. ಹೆಸರು ಉಳಿಯಿತು, ಮುಜುಗರ ತಪ್ಪಿತು. ಬಹಳ ತಾಳ್ಮೆಯ ಕೆಲಸ ಅದು. ಪದದ ಅರ್ಥ ನೋಡಿದರೆ ಸಾಲದು. ಅಲ್ಲಿನ ಅಜ್ಜಿ ಅದನ್ನು ಮೊಮ್ಮಗುವಿನ ಮುಂದೆ ಜೋರಾಗಿ ಹೇಳಬಲ್ಲಳೇ ಎಂದು ನೋಡಬೇಕು.

ನಮಗೆ ಅಂಥ ಅಪಾಯ ಆಗಿಲ್ಲ. ಕಿವಿಕ್ ನಮಗೆ ಕಿವಿಯಾಯಿತು, ಅಷ್ಟೇ. ಮಕ್ಕಳು ಚಿತ್ರ ಬರೆಯುವ ಹಲಗೆಯ ಹೆಸರು ‘ಮೋಲಾ’. ಬಣ್ಣ ಹಚ್ಚು ಎಂದರ್ಥ. ನನ್ನ ತಂಗಿಯ ಮಗಳು ಅದನ್ನು ‘ಮೊಲ’ ಎಂದೇ ಕರೆಯುತ್ತಾಳೆ. ಅದರ ಮೇಲೆ ಮೊದಲು ಬರೆದದ್ದೂ ಮೊಲವನ್ನೇ.

ಇಲ್ಲೇ ಇನ್ನೊಂದು ವಿಷಯ. ಸ್ವೀಡಿಷ್‌ನಲ್ಲಿ ಇಂಗ್ಲಿಷ್ ಅಕ್ಷರಮಾಲೆಗಿಂತ ಮೂರು ಅಕ್ಷರ ಜಾಸ್ತಿ. ಎ ಮತ್ತು ಓ ಅಕ್ಷರಗಳ ತಲೆಯ ಮೇಲೆ ಚುಕ್ಕಿ, ಸಣ್ಣ ಸುತ್ತು ಇರುತ್ತವೆ. ಲೋಕದ ಯಾವ ಮೂಲೆಯ ಅಂಗಡಿಗೆ ಹೋದರೂ ಚೀಟಿಯ ಮೇಲೆ ಆ ಚುಕ್ಕಿಗಳು ಹಾಗೇ ಇರುತ್ತವೆ. ಓದಲು ಕಷ್ಟ ಎಂದು ಅವನ್ನು ತೆಗೆದಿಲ್ಲ. ಸುಮಾರು ಒಂದು ಕೋಟಿ ಜನರ ದೇಶ ಅದು. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿ ಎಂದು ಬರೆಸಿದವರೇ 4.37 ಕೋಟಿ. ಆದರೂ ನಮ್ಮಲ್ಲಿ ಹೊಸ ಅಂಗಡಿಗೆ, ಹೊಸ ಸೋಫಾಕ್ಕೆ ಹೆಸರಿಡುವಾಗ ನಮ್ಮ ‘ಳ’ಕಾರ ಇರುವ ಪದವನ್ನು ಹೊರಗಿನವರಿಗೆ ಹೇಳಲು ಬರುವುದಿಲ್ಲ ಎಂದು ಪಕ್ಕಕ್ಕಿಡುತ್ತೇವೆ. ಬರದಿದ್ದರೆ ಕಲಿಯುತ್ತಾರೆ. ನಮ್ಮ ಅತ್ತಿಗೆ ‘ಸೋಡರ್‌ಹಾಮ್ನ್’ ಕಲಿಯಲಿಲ್ಲವೇ!

ಈಗ ನನಗೆ ಬಹಳ ದಿನ ತಲೆ ತಿಂದ ವಿಷಯಕ್ಕೆ ಬರುತ್ತೇನೆ.

2008ರಲ್ಲಿ ಡೆನ್ಮಾರ್ಕಿನಲ್ಲಿ ಒಂದು ಗದ್ದಲ ಎದ್ದಿತು. ಅಲ್ಲಿನ ವಿದ್ವಾಂಸರು ಐಕಿಯಾದ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರು. ಒಳ್ಳೊಳ್ಳೆ ಸೋಫಾಗಳಿಗೆಲ್ಲ ಸ್ವೀಡನ್ನಿನ ಊರುಗಳು. ಮಂಚಕ್ಕೆ ನಾರ್ವೆ. ಡೆನ್ಮಾರ್ಕಿನ ಊರುಗಳು ಮಾತ್ರ ನೆಲಹಾಸಿಗೆ, ಬಾಗಿಲ ಮುಂದಿನ ಕಾಲೊರೆಸಿಗೆ! ಕೋಗೆ, ರೋಸ್ಕಿಲ್ಡೆ ಇಂಥ ಊರುಗಳು. ನೆರೆಯವರು ನಮ್ಮ ಊರನ್ನು ತುಳಿಯುತ್ತಿದ್ದಾರೆ ಎಂದು ಡೇನರಿಗೆ ನೋವಾಯಿತು. ಬೇಕೆಂದು ಮಾಡಿದ್ದಲ್ಲ ಎಂದು ಕಂಪನಿ ಹೇಳಿತು. ನಾನೂ ಅದನ್ನು ನಂಬುತ್ತೇನೆ. ಗುಂಪು ಮಾಡುವಾಗ ಯಾರೋ ಒಬ್ಬರು ಸುಮ್ನೆ ಹಂಚಿದ್ದು.

ಆದರೆ ರೋಸ್ಕಿಲ್ಡೆ ಸಾಮಾನ್ಯ ಊರಲ್ಲ. ಡೆನ್ಮಾರ್ಕಿನ ರಾಜರು, ರಾಣಿಯರು ಮಲಗಿರುವ ಹಳೆಯ ಚರ್ಚು ಅಲ್ಲಿದೆ. ಇನ್ನೂ ಒಂದು ಸಂಗತಿ ಇದೆ. 1658ರಲ್ಲಿ ಯುದ್ಧದಲ್ಲಿ ಸೋತ ಡೆನ್ಮಾರ್ಕ್, ಸ್ವೀಡನ್ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಸ್ಕೋನೆ ಸೀಮೆಯನ್ನು ಬಿಟ್ಟುಕೊಟ್ಟಿತು. ಆ ಒಪ್ಪಂದ ಆದದ್ದು ರೋಸ್ಕಿಲ್ಡೆಯಲ್ಲಿ. ಅಂದರೆ ನಮ್ಮ ಅತ್ತಿಗೆಯ ಕಿವಿಕ್, ಅದರ ಪಕ್ಕ ಇಟ್ಟಿದ್ದ ಕ್ಲಿಪ್ಪಾನ್, ಇವೆರಡೂ ಒಂದು ಕಾಲಕ್ಕೆ ಡೆನ್ಮಾರ್ಕಿನ ಊರುಗಳು. ಅವು ಈಗ ಸೋಫಾ. ಅವನ್ನು ಬಿಟ್ಟುಕೊಟ್ಟ ಊರು ಸೋಫಾದ ಕೆಳಗಿನ ನೆಲಹಾಸು. ಹೆಸರು ಹಂಚಿದವರಿಗೆ ಇದು ಹೊಳೆದಿರಲಾರದು. ಆದರೆ ಹೆಸರು ಅನ್ನುವುದು ಹಾಗೆ. ನಾವು ಬರೀ ಸದ್ದು ಎಂದುಕೊಂಡು ಎತ್ತಿಕೊಳ್ಳುತ್ತೇವೆ. ಅದು ತನ್ನ ಹಿಂದಿನದನ್ನೆಲ್ಲ ಎಳೆದುಕೊಂಡೇ ಬರುತ್ತದೆ.

ಸ್ವೀಡನ್ನಿನವರಿಗೂ ಬಿಸಿ ತಟ್ಟದೇ ಇರಲಿಲ್ಲ. ‘ಬೋಲ್ಮೆನ್’ ಅವರ ಒಂದು ಸುಂದರ ಸರೋವರ. ಕಾಂಪ್ರಾಡ್ ಹುಟ್ಟಿ ಬೆಳೆದ ಸ್ಮೋಲಾಂಡ್ ಸೀಮೆಯದ್ದೇ. ಸ್ನಾನದ ಮನೆಗೆ ಕೆರೆಗಳ ಹೆಸರು ಅನ್ನುವ ಕಟ್ಟುಪಾಡು ಇತ್ತಲ್ಲ, ಅದರಂತೆ ಬೋಲ್ಮೆನ್ ಎಂಬ ಹೆಸರು ಸಂಡಾಸು ತೊಳೆಯುವ ಬ್ರಷ್ಷಿಗೆ ಬಂತು. 2021ರಲ್ಲಿ ಸ್ವೀಡನ್ನಿನ ಪ್ರವಾಸ ಸಂಸ್ಥೆ ಒಂದು ಪ್ರಚಾರ ಮಾಡಿತು. ಬೋಲ್ಮೆನ್ ಬರೀ ಬ್ರಷ್ ಅಲ್ಲ, ಬಂದು ನೋಡಿ, ನೀರಿದೆ, ದೋಣಿ ಇದೆ ಎಂದು. ಇಂಥ ಇಪ್ಪತ್ತೊಂದು ಜಾಗಗಳನ್ನು ಆರಿಸಿ ಅವುಗಳ ಹೆಸರನ್ನು ಮತ್ತೆ ಊರುಗಳಿಗೆ ತಂದುಕೊಡಲು ಹೊರಟರು. ಎರವಲು ಕೊಟ್ಟದ್ದನ್ನು ವಾಪಸು ಕೇಳಿದ ಹಾಗೆ.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ನವಲಗುಂದ ನೆನಪಾಯಿತು.

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇರಬಹುದು. ಅದೂ ನೆಲಹಾಸೇ. ಅದರ ಮೇಲೂ ಕೂರುತ್ತೇವೆ, ನಡೆಯುತ್ತೇವೆ. ಅದಕ್ಕೂ ಒಂದು ಊರಿನ ಹೆಸರೇ. ಆದರೆ ನವಲಗುಂದದ ಯಾರೂ ‘ನಮ್ಮ ಊರನ್ನು ತುಳಿಯುತ್ತಿದ್ದೀರಿ’ ಎಂದು ನೊಂದುಕೊಂಡದ್ದನ್ನು ನಾನು ಕೇಳಿಲ್ಲ. ಬದಲಿಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಯಾಕೆ? ಆ ಊರಿನ ಹೆಣ್ಣುಮಕ್ಕಳು ಮನೆಯೊಳಗೆ ಮಗ್ಗ ನಿಲ್ಲಿಸಿಕೊಂಡು ಅದನ್ನು ನೇಯುತ್ತಾರೆ. ನವಿಲನ್ನು ಎಳೆ ಎಳೆಯಾಗಿ ಮೂಡಿಸುತ್ತಾರೆ. ಊರಿನ ಹೆಸರಲ್ಲೇ ನವಿಲಿದೆ, ಜಮಖಾನದಲ್ಲೂ ನವಿಲಿದೆ. ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಚನ್ನಪಟ್ಟಣದ ಗೊಂಬೆ, ಕಿನ್ನಾಳದ ಗೊಂಬೆ ಎಲ್ಲ ಹೀಗೇ. ಅವುಗಳ ಹೆಸರನ್ನು ಯಾವ ಕಣಜದಿಂದಲೂ ತೆಗೆದದ್ದಲ್ಲ. ಮಾಡಿದ ಕೈಗಳ ಜೊತೆಗೇ ಬಂದದ್ದು.

ಕ್ಲಿಪ್ಪಾನ್ ಸೋಫಾಕ್ಕೆ ಕ್ಲಿಪ್ಪಾನ್ ಊರು ಬರೀ ಹೆಸರು ಕೊಟ್ಟಿದೆ. ಇಳಕಲ್ ಸೀರೆಗೆ ಇಳಕಲ್ಲು ನೂಲು, ಬಣ್ಣ, ಬೆನ್ನುನೋವು ಎಲ್ಲವನ್ನೂ ಕೊಟ್ಟಿದೆ. ಎರವಲು ಪಡೆದ ಹೆಸರು ಎಲ್ಲಿ ಬಿದ್ದರೂ ಯಾರಿಗೋ ಚುಚ್ಚಬಹುದು. ದುಡಿದು ಪಡೆದ ಹೆಸರು ಕಾಲಡಿ ಇದ್ದರೂ ಚುಚ್ಚುವುದಿಲ್ಲ. ಐಕಿಯಾದವರ ಕಟ್ಟುಪಾಡನ್ನು ನಾನು ಮೆಚ್ಚುತ್ತೇನೆ. ತಮ್ಮ ನುಡಿಯನ್ನು ಲೋಕಕ್ಕೆಲ್ಲ ಹಂಚಿದ ಅವರ ಧೈರ್ಯವನ್ನು ಇನ್ನೂ ಹೆಚ್ಚು ಮೆಚ್ಚುತ್ತೇನೆ. ಆದರೆ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ನವಲಗುಂದದ ಕಡೆ.

ನಾಳೆ ನಮ್ಮವರೇ ಯಾರಾದರೂ ಫರ್ನಿಚರ್ ಕಂಪನಿ ಶುರು ಮಾಡಿ, ಮಂಚಕ್ಕೆ ಆಗುಂಬೆ, ಕುರ್ಚಿಗೆ ಶರಾವತಿ ಎಂದು ಇಟ್ಟರೆ ನನಗೆ ಖುಷಿಯೇ. ಜೊತೆಗೆ ಒಂದು ಮಾತು ಕೇಳುತ್ತೇನೆ. ಆ ಮಂಚದ ಒಂದು ಗೂಟವಾದರೂ ಆಗುಂಬೆಯ ಕಡೆಯ ಬಡಗಿಯ ಕೈಯಲ್ಲಿ ಆಗಿದೆಯೇ?

ನನ್ನ ಮಾತು ಇಷ್ಟು. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.

*

ಚರ್ಚೆಯಲ್ಲಿ ಬಹಳ ಮಾತು ಬಂದವು. ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ, ‘ಮೇಜು, ಕುರ್ಚಿ, ಬೀರು ಇವೂ ಹೊರಗಿನಿಂದ ಬಂದ ಪದಗಳೇ ಅಲ್ಲವಾ ಸರ್’ ಎಂದು ಕೇಳಿದಳು. ಹೌದು. ಕುರ್ಚಿ ಅರಬ್ಬಿಯಿಂದ ಬಂತು. ಇವತ್ತು ಅದಕ್ಕಿಂತ ಕನ್ನಡದ ಪದ ಇಲ್ಲ ಅನ್ನುವಷ್ಟು ನಮ್ಮದಾಗಿದೆ ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ. ಅದನ್ನು ಇನ್ನೊಂದು ದಿನ ಮಾತಾಡಬೇಕು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ನಮ್ಮ ಬಡಾವಣೆಯ ಎಷ್ಟೋ ಮನೆಗಳ ಬಾಗಿಲು, ಕಿಟಕಿ ಅವರ ಕೈಯವೇ. ಎಲ್ಲರೂ ಅವರನ್ನು ಆಚಾರ್ರು ಎನ್ನುತ್ತೇವೆ. “ನಾವೂ ಹೆಸರು ಬರೀತೀವಿ ಸಾರ್” ಎಂದರು. “ಒಂದೇ ಸಲ ನಾಲ್ಕು ಮನೆ ಕೆಲಸ ಹಿಡಿದಿರ್ತೀವಲ್ಲ, ಹಲಗೆ ಕಲೆತು ಹೋಗಬಾರದು. ಅದಕ್ಕೆ ಒಳಮೈಗೆ ಪೆನ್ಸಿಲ್‌ನಲ್ಲಿ ಗಿರಾಕಿ ಹೆಸರು ಬರೆದುಬಿಡ್ತೀವಿ. ಪಾಲಿಶ್ ಹೊಡೆಯೋದು ಹೊರಗಡೆ ತಾನೇ. ಒಳಗಿಂದು ಹಾಗೇ ಇರುತ್ತೆ.”

“ನಿಮ್ಮ ಹೆಸರು ಬರೆಯೋದಿಲ್ವಾ ಆಚಾರ್ರೇ?” ಎಂದು ನಾನು ಕೇಳಿದೆ.

“ನಮ್ದು ಯಾಕೆ ಸಾರ್” ಎಂದು ಕೂತುಬಿಟ್ಟರು.

ಅವತ್ತು ರಾತ್ರಿ ಮನೆಗೆ ಬಂದು ನಮ್ಮ ಊಟದ ಮೇಜಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಅಪ್ಪ ಊರಲ್ಲಿ ಮಾಡಿಸಿದ್ದು, ನಲವತ್ತು ವರ್ಷದ ಮೇಜು. ಹಲಗೆಯ ಒಳಮೈಯಲ್ಲಿ ಪೆನ್ಸಿಲ್ ಗೀಟುಗಳಲ್ಲಿ ‘ಮೇಷ್ಟ್ರ ಮನೆ’ ಎಂದು ಬರೆದಿತ್ತು. ಬರೆದ ಕೈ ಯಾರದ್ದು ಎಂದು ಅಮ್ಮನನ್ನು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, ಕೆರೆ ಏರಿಯ ಕೆಳಗೆ ಅವರ ಕೊಟ್ಟಿಗೆ ಇತ್ತು, ಮೇಜನ್ನು ಗಾಡಿಯಲ್ಲಿ ತಂದು ಇಳಿಸಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆವು, ಅವರೂ ಕೂತು ಉಂಡರು ಎಂದು ಹೇಳುತ್ತಾ ಹೋದರು.